ಓದಲು ಬಾರದ ಲಿಪಿಯ ಪೊಟ್ಟಣಗಳು, ಜೊತೆಗೊಂದು ಡಬ್ಬಿ ಡುರಿಯನ್: ಹೇಗೆ ಆರಂಭಿಸಬೇಕು?

ಪ್ರಶ್ನೆ – ರುಚಿಯರಸಿ

ಜಪಾನ್, ಕೊರಿಯಾ, ಥಾಯ್ಲೆಂಡ್ ಮತ್ತು ತೈವಾನ್‌ಗಳ ತಿಂಡಿ, ಪಾನೀಯಗಳು ಒಟ್ಟಾಗಿ ನಮ್ಮ ಕೈಸೇರಿವೆ. ಅವುಗಳೊಂದಿಗೆ ಹೆಪ್ಪುಗಟ್ಟಿಸಿದ ಡುರಿಯನ್ ಹಣ್ಣಿನ ತೊಳೆಗಳ ಒಂದು ಡಬ್ಬಿಯೂ ಇದೆ. ತಿನ್ನಲು ಕುಳಿತುಕೊಳ್ಳುವವರಲ್ಲಿ ಚಿಕ್ಕ ಮಕ್ಕಳೂ ವಯಸ್ಸಾದವರೂ ಇದ್ದಾರೆ, ಕೆಲವರು ಕಟ್ಟುನಿಟ್ಟಾದ ಸಸ್ಯಾಹಾರಿಗಳು. ಹೆಚ್ಚಿನ ಪೊಟ್ಟಣಗಳ ಬರಹ ನಮಗೆ ಓದಲು ಬರುವುದಿಲ್ಲ. ಒಂದರ ಮೇಲೆ 2569 ಎಂಬ ವರ್ಷ ಮುದ್ರಿತವಾಗಿದ್ದರೆ ಇನ್ನೊಂದರ ಮೇಲೆ ಬರೀ 115 ಎಂದಿದೆ. ಬಾಯಿಗಿಟ್ಟು ಮುಖ ಕಿವುಚುವ ಪಂದ್ಯವಾಗಿ ಇದನ್ನು ಮುಗಿಸಿಬಿಡಲು ನನಗೆ ಮನಸ್ಸಿಲ್ಲ. ಆಯಾ ನಾಡಿನ ಜನ ಇಷ್ಟಪಟ್ಟು ತಿನ್ನುವುದನ್ನು, ಅವರು ತಿನ್ನುವ ರೀತಿಯಲ್ಲಿಯೇ ತಿಂದು ನೋಡಬೇಕೆಂಬ ಆಸೆಯಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ಪೊಟ್ಟಣಪಾರಖಿ

ಮೊದಲು ದಿನಾಂಕದ ವಿಷಯ. ಥಾಯ್ಲೆಂಡಿನಲ್ಲಿ ಬುದ್ಧ ಶಕೆ ಬಳಕೆಯಲ್ಲಿರುವುದರಿಂದ ಅಲ್ಲಿನ ವರ್ಷದಿಂದ 543 ಕಳೆಯಬೇಕು. ತೈವಾನ್ 1912ನ್ನು ಮೊದಲ ವರ್ಷವೆಂದು ಎಣಿಸುತ್ತದೆ, ಹಾಗಾಗಿ ಅಲ್ಲಿನ ಸಂಖ್ಯೆಗೆ 1911 ಕೂಡಿಸಬೇಕು. ನೀವು ಹೇಳಿದ ಎರಡೂ ಸಂಖ್ಯೆಗಳು 2026ನೇ ಇಸವಿಯನ್ನೇ ಸೂಚಿಸುತ್ತವೆ. ಚೀನಾದ ಪೊಟ್ಟಣಗಳಲ್ಲಿ ಇನ್ನೊಂದು ತೊಡಕಿದೆ: ಅವುಗಳ ಮೇಲೆ ಹಲವೊಮ್ಮೆ ತಯಾರಾದ ದಿನವನ್ನು ಮಾತ್ರ ಅಚ್ಚೊತ್ತಿ, ಎಷ್ಟು ತಿಂಗಳು ಇಡಬಹುದೆಂಬುದನ್ನು ಬೇರೊಂದು ಕಡೆ ಬರೆದಿರುತ್ತಾರೆ. ಆದ್ದರಿಂದ ಕಳೆದುಹೋದ ದಿನಾಂಕ ಕಂಡ ಮಾತ್ರಕ್ಕೆ ಅವಧಿ ಮುಗಿಯಿತೆಂದು ಎಸೆಯುವ ಅಗತ್ಯವಿಲ್ಲ.

ಸಸ್ಯಾಹಾರಿಗಳ ವಿಷಯದಲ್ಲಿ ಮಾತ್ರ ಊಹೆಗೆ ಆಸ್ಪದ ಕೊಡಬೇಡಿ. ಮುಖಪುಟದಲ್ಲಿ ಬರೀ ಆಲೂಗಡ್ಡೆ ಅಥವಾ ಕಡಲಪಾಚಿಯ ಚಿತ್ರವಿದ್ದರೂ ಮಸಾಲೆಯಲ್ಲಿ ಬೊನಿಟೊ ಮೀನಿನ ಪುಡಿಯೋ ಸಿಗಡಿಯ ಸಾರವೋ ಸೇರಿರುವುದು ಜಪಾನಿನ ತಿಂಡಿಗಳಲ್ಲಿ ತೀರಾ ಸಾಮಾನ್ಯ. ಜಗಿಯುವ ಮೆತ್ತನೆಯ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದು. ಥಾಯ್ ಪೊಟ್ಟಣದ ಮೇಲೆ ಹಳದಿ ಹಿನ್ನೆಲೆಯಲ್ಲಿ ಕೆಂಪಾಗಿ, ನಮ್ಮ ಕಣ್ಣಿಗೆ 17ರಂತೆ ತೋರುವ ಗುರುತಿದ್ದರೆ, ಅದು ‘ಜೇ’ ಎಂಬ ಸಸ್ಯಾಹಾರ ಪದ್ಧತಿಯ ಗುರುತು. ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲಿನ ಜೊತೆಗೆ ಬೆಳ್ಳುಳ್ಳಿಗೂ ಅವಕಾಶವಿಲ್ಲ. ಉಳಿದವುಗಳ ಪದಾರ್ಥಪಟ್ಟಿಯನ್ನು ಮೊಬೈಲ್ ಕ್ಯಾಮೆರಾದ ಅನುವಾದದಲ್ಲಿ ಓದಿ. ಅನುವಾದ ತಡವರಿಸಿದರೆ ಆ ಪೊಟ್ಟಣವನ್ನು ಸಸ್ಯಾಹಾರಿಗಳ ತಟ್ಟೆಯಿಂದ ದೂರವಿಡುವುದೇ ಸರಿ.

ಉತ್ತರ – ಎರಡು ಮಕ್ಕಳ ತಾಯಿ

ಮಕ್ಕಳಿದ್ದಾರೆ ಎಂದಿದ್ದೀರಿ, ಆದ್ದರಿಂದ ಇದನ್ನು ಹೇಳಲೇಬೇಕು. ಪುಟ್ಟ ಬಟ್ಟಲುಗಳಲ್ಲಿ ಬರುವ ಕೊಂಜಾಕ್ ಜೆಲ್ಲಿ ನಿಮ್ಮ ರಾಶಿಯಲ್ಲಿದ್ದರೆ ಅದನ್ನು ಮಕ್ಕಳಿಗೂ ವಯಸ್ಸಾದವರಿಗೂ ಕೊಡಬೇಡಿ. ಕೊಂಜಾಕ್ ಗೆಡ್ಡೆಯ ನಾರಿನಿಂದ ಮಾಡಿದ ಈ ಜೆಲ್ಲಿ ಬಾಯಲ್ಲಿ ಸುಲಭವಾಗಿ ಕರಗುವುದಿಲ್ಲ. ಬಟ್ಟಲನ್ನು ಒತ್ತಿ ಹೀರಿದಾಗ ಇಡೀ ಉಂಡೆ ನೇರವಾಗಿ ಗಂಟಲಿಗೆ ಜಾರಿ ಉಸಿರುಗಟ್ಟಿಸಬಹುದು. ಇದರಿಂದ ಸಾವುಗಳು ಸಂಭವಿಸಿದ್ದು, ಯುರೋಪಿಯನ್ ಒಕ್ಕೂಟ ಇಂಥ ಜೆಲ್ಲಿಗಳಲ್ಲಿ ಕೊಂಜಾಕ್ ಬಳಕೆಯನ್ನು ನಿಷೇಧಿಸಿದೆ. ದೊಡ್ಡವರು ತಿನ್ನುವುದಾದರೆ ಚಮಚದಿಂದ ಚಿಕ್ಕದಾಗಿ ಕತ್ತರಿಸಿಕೊಂಡು, ಚೆನ್ನಾಗಿ ಅಗಿದು ತಿನ್ನಲಿ.

ಕೊರಿಯಾದ ‘ಬುಲ್ಡಾಕ್’ ನೂಡಲ್ಸ್ ಇದ್ದರೆ ಅದನ್ನೂ ದೊಡ್ಡವರಿಗೇ ಮೀಸಲಿಡಿ. ಖಾರ ಅತಿಯಾಯಿತೆಂದು ಡೆನ್ಮಾರ್ಕ್ 2024ರ ಜೂನ್‌ನಲ್ಲಿ ಅದರ ಮೂರು ಬಗೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿ, ಮುಂದಿನ ತಿಂಗಳು ಎರಡಕ್ಕೆ ಮತ್ತೆ ಅನುಮತಿ ಕೊಟ್ಟಿತು.

ಉತ್ತರ – ಡುರಿಯನ್ ಪ್ರಿಯ

ಡುರಿಯನ್ ಇದೆಯೆಂದು ಓದಿ ಸಂತೋಷವಾಯಿತು, ಏಕೆಂದರೆ ಇಷ್ಟು ಅಪಪ್ರಚಾರಕ್ಕೆ ಗುರಿಯಾದ ಇನ್ನೊಂದು ಒಳ್ಳೆಯ ಹಣ್ಣು ನನಗೆ ಗೊತ್ತಿಲ್ಲ. ಮುಳ್ಳಿನ ಹೊರಮೈಯಿಂದಾಗಿ ಅದನ್ನು ಹಲಸಿನ ಬಂಧುವೆಂದು ಎಣಿಸುವವರುಂಟು. ವಾಸ್ತವದಲ್ಲಿ ಅದು ಹತ್ತಿ, ಬೆಂಡೆ, ಕೋಕೋಗಳ ಕುಟುಂಬಕ್ಕೆ ಸೇರಿದ್ದು. ಅದರ ವಾಸನೆಗೆ ಮುಖ್ಯ ಕಾರಣ ಗಂಧಕದ ಸಂಯುಕ್ತಗಳು, ಮತ್ತು ಆ ವಾಸನೆ ಮುಚ್ಚಿದ ಜಾಗದಲ್ಲಿ ಬಹಳ ಹೊತ್ತು ನಿಲ್ಲುವುದರಿಂದಲೇ ಸಿಂಗಪುರದ ಮೆಟ್ರೋ ರೈಲುಗಳಲ್ಲಿ ಅದನ್ನು ಒಯ್ಯುವಂತಿಲ್ಲ.

ಡಬ್ಬಿಯ ಮೇಲೆ ತಳಿಯ ಹೆಸರಿದೆಯೇ ನೋಡಿ. ಥಾಯ್ಲೆಂಡಿನ ‘ಮೊನ್‌ಥಾಂಗ್’ ದಪ್ಪ ತೊಳೆಯ, ಸಿಹಿ ಹೆಚ್ಚಿರುವ, ವಾಸನೆ ಸೌಮ್ಯವಾಗಿರುವ ತಳಿ. ಹೊಸಬರಿಗೆ ಅದೇ ಉತ್ತಮ. ಮಲೇಷ್ಯಾದ ‘ಮುಸಾಂಗ್ ಕಿಂಗ್’ ಕಡು ಹಳದಿ ಬಣ್ಣದ್ದು, ಬೆಣ್ಣೆಯಷ್ಟು ನುಣುಪು, ಸಿಹಿಯ ಬೆನ್ನಿಗೇ ತೆಳುವಾದ ಕಹಿಯೊಂದು ಬರುತ್ತದೆ. ಈ ವ್ಯತ್ಯಾಸಕ್ಕೆ ತಳಿಯ ಜೊತೆಗೆ ಕೊಯ್ಲಿನ ಕ್ರಮವೂ ಕಾರಣ. ಥಾಯ್ ರೈತರು ಕಾಯಿ ಬಲಿತಾಗ ಮರದಿಂದ ಕೊಯ್ದು ಆಮೇಲೆ ಹಣ್ಣಾಗಿಸುತ್ತಾರೆ, ಮಲೇಷ್ಯಾದಲ್ಲಿ ಸಾಮಾನ್ಯವಾಗಿ ಹಣ್ಣು ತಾನಾಗಿ ಉದುರುವವರೆಗೆ ಕಾಯುತ್ತಾರೆ.

ಡಬ್ಬಿಯನ್ನು ಮುಚ್ಚಳ ತೆಗೆಯದೆ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ನಿಧಾನವಾಗಿ ಕರಗಲು ಬಿಡಿ. ಅಂಚು ಮೆತ್ತಗಾಗಿ ನಡುವೆ ಇನ್ನೂ ಬಿಗಿಯಾಗಿರುವಾಗ ಮೊದಲ ತುತ್ತು ತಿನ್ನಿ, ಏಕೆಂದರೆ ತಣ್ಣಗಿರುವಾಗ ವಾಸನೆ ಅಡಗಿದ್ದು ಕೆನೆಯಂಥ ಸಿಹಿಯೇ ಮುಂದಾಗಿರುತ್ತದೆ. ಒಂದು ತುತ್ತಿಗೇ ತೀರ್ಪು ಕೊಡದೆ, ತೊಳೆ ಪೂರ್ತಿ ಕರಗಿದ ಮೇಲೆ ಇನ್ನೊಮ್ಮೆ ಸವಿದು ನೋಡಿ; ಈರುಳ್ಳಿಯ ಛಾಯೆಯೂ ಬಾದಾಮಿಯ ಕಂಪೂ ಆಗ ಬೇರೆಬೇರೆಯಾಗಿ ತಿಳಿಯುತ್ತವೆ. ಇದು ಕೊಬ್ಬೂ ಸಕ್ಕರೆಯೂ ಧಾರಾಳವಾಗಿರುವ ಹಣ್ಣು, ಪೊಟ್ಯಾಶಿಯಂ ಕೂಡ ಹೆಚ್ಚು. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ತಿನ್ನಬಾರದು.

ಅದರ ಜೊತೆಗೆ ಮ್ಯಾಂಗೋಸ್ಟೀನ್ ತಿನ್ನುವುದು ಆಗ್ನೇಯ ಏಷ್ಯಾದ ವಾಡಿಕೆ, ಸಿಕ್ಕರೆ ಬಿಡಬೇಡಿ. ಹಣ್ಣಿನ ತಳದಲ್ಲಿರುವ ಹೂವಿನಾಕಾರದ ಗುರುತಿನ ಎಸಳುಗಳನ್ನು ಎಣಿಸಿದರೆ ಒಳಗೆ ಎಷ್ಟು ತೊಳೆಗಳಿವೆಯೆಂದು ಸಿಪ್ಪೆ ಬಿಡಿಸುವ ಮೊದಲೇ ಹೇಳಬಹುದು. ಸಿಪ್ಪೆಯ ನೇರಳೆ ರಸ ಬಟ್ಟೆಗೆ ತಗುಲಿದರೆ ಹೋಗುವುದು ಕಷ್ಟ.

ರುಚಿಯರಸಿ

ಎಲ್ಲರಿಗೂ ಧನ್ಯವಾದಗಳು. ಪಾನೀಯಗಳಲ್ಲಿ ಎರಡು ಇನ್ನೂ ಅರ್ಥವಾಗಿಲ್ಲ: ಕೊರಿಯಾದ ಒಂದು ಡಬ್ಬಿಯನ್ನು ತೆರೆದಾಗ ತಳದಲ್ಲಿ ಅನ್ನದ ಅಗುಳುಗಳಿದ್ದವು, ಅದು ಕೆಟ್ಟಿದೆಯೇ? ಜಪಾನಿನ ಬಾಟಲಿಯೊಂದರ ಬಾಯಿಗೆ ಗಾಜಿನ ಗೋಲಿ ಅಡ್ಡ ಕುಳಿತಿದೆ, ಅದನ್ನು ತೆರೆಯುವುದು ಹೇಗೆ?

ಉತ್ತರ – ಪೊಟ್ಟಣಪಾರಖಿ

ಮೊದಲನೆಯದು ಬಹುಶಃ ‘ಸಿಖ್ಯೆ’. ಬಾರ್ಲಿಯ ಮೊಳಕೆಯ ನೀರಿನಲ್ಲಿ ಅನ್ನವನ್ನು ಬೆಚ್ಚಗಿಟ್ಟು, ಮೊಳಕೆಯ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುವಂತೆ ಮಾಡಿ ಅದನ್ನು ತಯಾರಿಸುತ್ತಾರೆ. ಅಗುಳುಗಳು ಇರಬೇಕಾದದ್ದೇ. ಚೆನ್ನಾಗಿ ತಣಿಸಿ, ಮೆಲ್ಲಗೆ ಅಲುಗಾಡಿಸಿ, ಅಗುಳುಗಳ ಸಮೇತ ಕುಡಿಯಿರಿ.

ಎರಡನೆಯದು ‘ರಾಮುನೆ’. ಅದರ ಬಾಟಲಿಯ ವಿನ್ಯಾಸ ಹೈರಮ್ ಕಾಡ್ ಎಂಬ ಆಂಗ್ಲ ಎಂಜಿನಿಯರ್ 1870ರ ದಶಕದಲ್ಲಿ ರೂಪಿಸಿದ್ದು. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಗೆ ಅದುಮಿ ಹಿಡಿದಿರುತ್ತದೆ. ಬಾಟಲಿಯನ್ನು ಮೇಜಿನ ಮೇಲಿಟ್ಟು, ಜೊತೆಗೆ ಬಂದ ಪ್ಲಾಸ್ಟಿಕ್ ಗುಂಡಿಯನ್ನು ಗೋಲಿಯ ಮೇಲಿರಿಸಿ, ಅಂಗೈಯಿಂದ ಬಲವಾಗಿ ಒತ್ತಿ. ಗೋಲಿ ಇಳಿದ ಮೇಲೂ ನೊರೆ ತಗ್ಗುವವರೆಗೆ ಕೈ ಎತ್ತಬೇಡಿ. ಕುಡಿಯುವಾಗ ಬಾಟಲಿಯ ಕೊರಳಲ್ಲಿರುವ ತಗ್ಗುಗಳು ಕೆಳಮುಖವಾಗಿರುವಂತೆ ಹಿಡಿದರೆ ಗೋಲಿ ಅಲ್ಲಿ ಸಿಕ್ಕಿಕೊಂಡು ಪಾನೀಯಕ್ಕೆ ದಾರಿ ಬಿಡುತ್ತದೆ. ಒತ್ತಲು ಬಳಸಿದ ಗುಂಡಿಯನ್ನು ಮಕ್ಕಳ ಕೈಗೆ ಸಿಗದಂತೆ ಕೂಡಲೇ ಎಸೆದುಬಿಡಿ.