ವ್ಯಾಪಾರ ಡಲ್ ಆದಾಗ ಪ್ರಚಾರ ಹೇಗೆ? ಪಿಆರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಗ್ಯಾಜೆಟ್ ಕಂಪನಿಗಳ ಪಿಆರ್ (ಸಾರ್ವಜನಿಕ ಸಂಪರ್ಕ), ಮಾರ್ಕೆಟಿಂಗ್ ನೋಡಿಕೊಳ್ಳುವ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ಆರ್ಥಿಕ ಹಿಂಜರಿತದ ಹೊತ್ತಿನ ಪ್ರಚಾರದ ಬಗ್ಗೆ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ಇಯರ್‌ಫೋನ್ ವ್ಯಾಪಾರಿ: ಮೇಡಂ, ಮಾರಾಟ ಇಳಿದಿದೆ. ಜಾಹೀರಾತು ಪೂರ್ತಿ ನಿಲ್ಲಿಸಿಬಿಡಲಾ?

ಮೇಡಂ: ಪೂರ್ತಿ ಬೇಡ. ಯಾವುದರಿಂದ ಮಾರಾಟ ಬರುತ್ತಿದೆ ಅಂತ ನಿಮಗೇ ಗೊತ್ತಿಲ್ಲವೋ ಅದನ್ನು ಮೊದಲು ನಿಲ್ಲಿಸಿ. ಹಳೇ ಗಿರಾಕಿಗಳ ಜೊತೆ ಮಾತು ಬಿಡಬೇಡಿ. ಎಲ್ಲರೂ ಖರ್ಚು ಕಡಿಮೆ ಮಾಡುವ ಕಾಲ, ಜಾಹೀರಾತು ದರದಲ್ಲಿ ಚೌಕಾಸಿ ಮಾಡಿ.

ಶುಭೋದಯ: ಫಾರ್ವರ್ಡ್ ಆಗಿ ಬಂದದ್ದು. "1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ಪೋಸ್ಟ್ ಎಂಬ ತಿಂಡಿ ಕಂಪನಿ ಜಾಹೀರಾತು ಕಡಿಮೆ ಮಾಡಿತು. ಅದರ ಎದುರಾಳಿ ಕೆಲಾಗ್ ಡಬಲ್ ಮಾಡಿ ಗೆದ್ದಿತು. ನೀವೂ ಇಂದೇ ಡಬಲ್ ಮಾಡಿ!"

ಮೇಡಂ: ಈ ಕತೆ ಪ್ರತಿ ಹಿಂಜರಿತದಲ್ಲೂ ಬರುತ್ತದೆ. ಕೆಲಾಗ್ ಮಾರುತ್ತಿದ್ದದ್ದು ದಿನಾ ತಿನ್ನುವ ತಿಂಡಿ. ನೀವು ಮಾರುವುದು ಜನ ಮುಂದಿನ ವರ್ಷಕ್ಕೆ ಮುಂದೂಡಬಹುದಾದ ಸಾಮಾನು. ಡಬಲ್ ಮಾಡಿ ಮುಳುಗಿದವರ ಕತೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸಾಲ ತಂದು ಜಾಹೀರಾತು ಕೊಡಬೇಡಿ, ದಯವಿಟ್ಟು.

ಹೆಸರು ಬೇಡ: ಮೇಡಂ, ಮನೆಗೆ ಹಾಕುವ ವೈಫೈ ಕ್ಯಾಮೆರಾ ಮಾಡುವ ಸಣ್ಣ ಕಂಪನಿಯಲ್ಲಿ ಪಿಆರ್ ನೋಡಿಕೊಳ್ಳುತ್ತೇನೆ. ಖರ್ಚು ಉಳಿಸಲು ಹಳೇ ಮಾಡೆಲ್‌ನ ಸರ್ವರ್ ಮುಂದಿನ ತಿಂಗಳು ಬಂದ್ ಮಾಡುತ್ತಾರಂತೆ. ಆಮೇಲೆ ಆ ಕ್ಯಾಮೆರಾ ಕೆಲಸ ಮಾಡಲ್ಲ. "ಹೊಸ ಮಾಡೆಲ್‌ಗೆ ಅಪ್‌ಗ್ರೇಡ್ ಆಗಲು ಸುವರ್ಣಾವಕಾಶ" ಅಂತ ಮೇಲ್ ಬರೆಯಲು ಬಾಸ್ ಹೇಳಿದ್ದಾರೆ. ಅದೇ ವಾರ ಕೆಲವರನ್ನು ಕೆಲಸದಿಂದ ತೆಗೆಯುತ್ತಾರೆ. ಹೊಸ ಮಾಡೆಲ್‌ನ ಪತ್ರಿಕಾ ಪ್ರಕಟಣೆಯೂ ಅವತ್ತೇ. ಏನು ಮಾಡಲಿ?

ಮೇಡಂ: ಆ ಮೇಲ್ ಕಳಿಸಬೇಡಿ. ಇದಕ್ಕೆ ಉದ್ದದ ಉತ್ತರವೇ ಬೇಕು.

ಕೈಯಲ್ಲಿ ಕಾಸು ಕಮ್ಮಿ ಇರುವಾಗ ಜನ ಹಳೇ ಫೋನನ್ನೇ ಇನ್ನೊಂದು ವರ್ಷ ಓಡಿಸುತ್ತಾರೆ. ಹೊಸದು ಕೊಳ್ಳುವುದೇ ಆದರೆ "ಇದು ಎಷ್ಟು ವರ್ಷ ಬಾಳುತ್ತೆ?" ಅಂತ ಮೊದಲು ಕೇಳುತ್ತಾರೆ. ಅಂಥ ಹೊತ್ತಲ್ಲಿ, ಚೆನ್ನಾಗಿರುವ ಕ್ಯಾಮೆರಾವನ್ನು ನೀವೇ ಕೆಡಿಸುತ್ತಿದ್ದೀರಿ. ನಿಮ್ಮ ಹೊಸ ಮಾಡೆಲನ್ನು ಯಾವ ಧೈರ್ಯದ ಮೇಲೆ ಕೊಳ್ಳಬೇಕು ಅವರು?

ಇದು ಹಿಂದೆಯೂ ಆಗಿದೆ. ಗೂಗಲ್ ಬಳಗದ ನೆಸ್ಟ್ ಕಂಪನಿ, ತಾನು ಕೊಂಡಿದ್ದ ರಿವಾಲ್ವ್ ಎಂಬ ಸ್ಮಾರ್ಟ್ ಹೋಮ್ ಪೆಟ್ಟಿಗೆಯ (ಮನೆಯ ದೀಪ, ಬೀಗಗಳನ್ನು ಫೋನಿನಿಂದ ನಡೆಸುವಂಥದ್ದು) ಸೇವೆಯನ್ನು 2016ರ ಮೇ ತಿಂಗಳಲ್ಲಿ ನಿಲ್ಲಿಸಿತು. ಪೆಟ್ಟಿಗೆ ಕೆಲಸಕ್ಕೆ ಬಾರದೆ ಹೋಯಿತು, ಜನರ ಸಿಟ್ಟು ನೆಸ್ಟ್ ಮೇಲೆ ತಿರುಗಿತು. 2020ರ ಮೇನಲ್ಲಿ, ಕೊರೊನಾ ಕಾಲದಲ್ಲಿ, ಅಂಥದ್ದೇ ಪೆಟ್ಟಿಗೆ ಮಾರುವ ವಿಂಕ್ ಕಂಪನಿ ಒಂದು ವಾರದಲ್ಲಿ ತಿಂಗಳ ಚಂದಾ ಕಟ್ಟಿ, ಇಲ್ಲದಿದ್ದರೆ ಸೇವೆ ಇಲ್ಲ ಅಂದಿತು. ಗಲಾಟೆ ಆಗಿ ಮುಂದೂಡಬೇಕಾಯಿತು. ಅದೇ ವರ್ಷ ಜನವರಿಯಲ್ಲಿ ಸ್ಪೀಕರ್ ಕಂಪನಿ ಸೋನೋಸ್, ಹಳೇ ಸ್ಪೀಕರ್‌ಗಳಿಗೆ ಇನ್ನು ಅಪ್‌ಡೇಟ್ ಇಲ್ಲ ಅಂತ ಹೇಳಿ ಕೆಲವೇ ದಿನಗಳಲ್ಲಿ ಸಿಇಒ ಕ್ಷಮೆ ಕೇಳಿದರು.

ಮೊದಲು ನಿಮ್ಮ ಎಂಜಿನಿಯರ್ ಹತ್ತಿರ ಕೂತು ಕೇಳಿ. ಸರ್ವರ್ ಇಲ್ಲದೆ, ಮನೆಯ ವೈಫೈ ಮೇಲೆ, ಮೆಮೊರಿ ಕಾರ್ಡ್‌ಗೆ ರೆಕಾರ್ಡ್ ಆಗುವಂತೆ ಕೊನೇ ಅಪ್‌ಡೇಟ್ ಕೊಡಲು ಆಗುತ್ತಾ? ಆಗುವುದಾದರೆ ಅರ್ಧ ಸಮಸ್ಯೆ ಕಳೆಯಿತು. ಆಗದಿದ್ದರೆ ಕನಿಷ್ಠ ಆರು ತಿಂಗಳ ಮುಂಚೆ ಹೇಳಿ. ಮೇಲ್‌ನ ತಲೆಬರಹದಲ್ಲೇ ಬರಲಿ: "ನಿಮ್ಮ ಕ್ಯಾಮೆರಾ ಈ ತಾರೀಖಿನಿಂದ ಕೆಲಸ ಮಾಡುವುದಿಲ್ಲ." ಹಳೇ ವಿಡಿಯೊ ಇಳಿಸಿಕೊಳ್ಳಲು ಎಲ್ಲಿವರೆಗೆ ಸಮಯ, ಹಣ ವಾಪಸ್ ಇದೆಯಾ ಇಲ್ಲವಾ, ಎರಡನ್ನೂ ಬರೆಯಿರಿ. ಹೊಸ ಮಾಡೆಲ್ ಹೆಸರು ಆ ಮೇಲ್‌ನಲ್ಲಿ ಬೇಡ. ಡಬ್ಬದ ಮೇಲೆ "ಲೈಫ್‌ಟೈಮ್" ಅಂತ ಅಚ್ಚಾಗಿದ್ದರೆ ವಕೀಲರಿಗೆ ತೋರಿಸದೆ ಒಂದು ಹೆಜ್ಜೆಯೂ ಇಡಬೇಡಿ.

ಕೆಲಸ ಹೋಗುವವರಿಗೆ ಅವರ ಮ್ಯಾನೇಜರ್ ಎದುರು ಕೂತು ಹೇಳಬೇಕು, ಪೇಪರ್‌ನವರಿಗಿಂತ ಮೊದಲು. ಹೊಸ ಮಾಡೆಲ್ ಪ್ರಕಟಣೆಯನ್ನು ಕೆಲವು ವಾರ ಮುಂದೆ ಹಾಕಿ. ಇಲ್ಲದಿದ್ದರೆ ವರದಿಗಾರರು ಎರಡನ್ನೂ ಸೇರಿಸಿಯೇ ಬರೆಯುತ್ತಾರೆ. ಈ ಸಲಹೆಯನ್ನೆಲ್ಲ ಬಾಸ್‌ಗೆ ಮೇಲ್‌ನಲ್ಲೇ ಕೊಡಿ, ಬರೀ ಬಾಯಿಮಾತಿನಲ್ಲಿ ಬೇಡ.

ವಾಚ್ ಮಾರುವವರು: ಜಾಹೀರಾತು ನಿಲ್ಲಿಸಬಹುದಾ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಸ್ಪೀಕರ್ ಡೀಲರ್: ಎಲ್ಲರೂ ಡಿಸ್ಕೌಂಟ್ ಕೊಡ್ತಿದ್ದಾರೆ. ನಾವೂ ಕೊಡಬೇಕಾ?

ಮೇಡಂ: ಗಿರಾಕಿಯ ಭಯ ಯಾವುದು ಅಂತ ಮೊದಲು ನೋಡಿ. 2009ರಲ್ಲಿ ಅಮೆರಿಕದಲ್ಲಿ ಹ್ಯುಂಡೈ, ಒಂದು ವರ್ಷದೊಳಗೆ ಕೆಲಸ ಹೋದರೆ ಕಾರು ವಾಪಸ್ ಕೊಡಿ ಅಂದಿತು. ಜನರಿಗೆ ಕಾಡುತ್ತಿದ್ದದ್ದು ನೌಕರಿಯ ಚಿಂತೆ. ನಿಮ್ಮಲ್ಲಿ ಅದು ವಾರಂಟಿಯ ಚಿಂತೆ ಇರಬಹುದು.

ಹೊಸ ಸದಸ್ಯೆ: ಇನ್‌ಫ್ಲುಯೆನ್ಸರ್‌ಗೆ ದುಡ್ಡು ಕೊಡುವುದು ಲಾಭವಾ?

ಫೋನ್ ರಿಪೇರಿ: ಹಿಂಜರಿತದಲ್ಲಿ ಹೊಸ ಗ್ಯಾಜೆಟ್ ಯಾರೂ ಕೊಳ್ಳಲ್ಲ. ರಿಪೇರಿ, ಸೆಕೆಂಡ್ ಹ್ಯಾಂಡ್ ಅಷ್ಟೇ.

ಗ್ಯಾಜೆಟ್ ಪ್ರಿಯ: ಸುಮ್ನೆ ಹೇಳಬೇಡಿ. ಐಪಾಡ್ ಬಂದಿದ್ದು 2001ರ ಅಕ್ಟೋಬರ್‌ನಲ್ಲಿ, ಹಿಂಜರಿತದ ಮಧ್ಯೆ. ಮೊದಲ ಆಂಡ್ರಾಯ್ಡ್ ಫೋನ್ 2008ರ ಅಕ್ಟೋಬರ್, ಅಮೆರಿಕದ ಲೀಮನ್ ಬ್ಯಾಂಕ್ ದಿವಾಳಿಯಾಗಿ ಬಿದ್ದ ಮರು ತಿಂಗಳು.

ಫೋನ್ ರಿಪೇರಿ: ಬಂದಿದ್ದು ಬೇರೆ, ಜನ ಕೊಂಡಿದ್ದು ಬೇರೆ. ಆಗ ಜನ ಮುಗಿಬಿದ್ದದ್ದು ನೆಟ್‌ಬುಕ್‌ಗೆ, ಸಣ್ಣ ಅಗ್ಗದ ಲ್ಯಾಪ್‌ಟಾಪ್‌ಗೆ.

ಗ್ಯಾಜೆಟ್ ಪ್ರಿಯ: ಈಗ ಆ ನೆಟ್‌ಬುಕ್ ಎಲ್ಲಿದೆ? ನಿಮ್ಮ ವ್ಯಾಪಾರಕ್ಕೆ ಬೇಕಾದ ಹಾಗೆ ಮಾತಾಡ್ತೀರಿ.

ಫೋನ್ ರಿಪೇರಿ: ನಾನು ದಿನಾ ಗಿರಾಕಿಗಳ ಮುಖ ನೋಡ್ತೀನಿ, ನೀವು ನೋಡೋದು ಸ್ಕ್ರೀನು.

ಮೇಡಂ: ಹಲವು ಖರ್ಚು ಉಳಿಸುವ ಒಂದು ವಸ್ತುವನ್ನು ಜನ ಕಷ್ಟದಲ್ಲೂ ಕೊಳ್ಳುತ್ತಾರೆ. ಇಬ್ಬರೂ ಇಲ್ಲಿಗೆ ಬಿಡಿ.

ಶುಭೋದಯ: "ಹಿಂಜರಿತದಲ್ಲಿ ಲಿಪ್‌ಸ್ಟಿಕ್ ಜಾಸ್ತಿ ಮಾರುತ್ತದೆ. ಆದ್ದರಿಂದ ಚಿಕ್ಕ ಗ್ಯಾಜೆಟ್ ಸ್ಟಾಕ್ ತುಂಬಿ, ಲಾಭ ಖಚಿತ."

ಮೇಡಂ: 2020ರಲ್ಲಿ ಮಾಸ್ಕ್ ಬಂದ ಮೇಲೆ ಲಿಪ್‌ಸ್ಟಿಕ್ ಮಾರಾಟವೇ ಕುಸಿಯಿತು. ಇದನ್ನು ನಂಬಿ ಯಾರೂ ಸ್ಟಾಕ್ ತುಂಬಬೇಡಿ. "ಖಚಿತ" ಅಂತ ಬರೆದವರು ನಿಮ್ಮ ನಷ್ಟ ಕಟ್ಟಿಕೊಡುವುದಿಲ್ಲ.

ಶುಭೋದಯ: ಒಳ್ಳೇದಕ್ಕೇ ಹಾಕಿದ್ದು. ಇಷ್ಟು ಗಡುಸಾಗಿ ಹೇಳಬೇಕಿರಲಿಲ್ಲ.

ಇಯರ್‌ಫೋನ್ ವ್ಯಾಪಾರಿ: ಹಾಕುವ ಮುಂಚೆ ಒಮ್ಮೆ ಓದಿ ಸ್ವಾಮಿ.

ಲೆಕ್ಕದವರು: ನಮ್ಮ ಏಜೆನ್ಸಿ, ಪೇಪರ್‌ನಲ್ಲಿ ಬಂದ ಸುದ್ದಿಯ ಜಾಗ ಅಳೆದು "ಇಷ್ಟು ಜಾಹೀರಾತಿಗೆ ಸಮ" ಅಂತ ವರದಿ ಕೊಡುತ್ತದೆ. ನಂಬಬಹುದಾ?

ಮೇಡಂ: ಬೇಡ. ಪಿಆರ್ ಕೆಲಸವನ್ನು ಹೇಗೆ ಅಳೆಯಬೇಕು ಅಂತ ಹೇಳುವ 2010ರ ಬಾರ್ಸಿಲೋನಾ ಸೂತ್ರಗಳಲ್ಲೇ ಪಿಆರ್ ಉದ್ಯಮ ಈ ಲೆಕ್ಕವನ್ನು ತಳ್ಳಿಹಾಕಿದೆ. ಸುದ್ದಿ ಓದಿ ಎಷ್ಟು ಜನ ವಿಚಾರಿಸಿದರು ಅಂತ ಕೇಳಿ.

ಟಿವಿ ಡೀಲರ್: ಮೇಡಂ, ಜಾಹೀರಾತು ಡಬಲ್ ಮಾಡಿದ್ರೆ?

ಮೇಡಂ: ಓದದೆ ಕೇಳಬೇಡಿ.

ಹೆಸರು ಬೇಡ: ಬಾಸ್ ಮೂರು ತಿಂಗಳಿಗೆ ಒಪ್ಪಿದ್ದಾರೆ. ಆದರೆ ತಲೆಬರಹದಲ್ಲಿ "ಅಪ್‌ಗ್ರೇಡ್" ಇರಲೇಬೇಕಂತೆ.

ಮೇಡಂ: ಮೂರು ತಿಂಗಳು ಸಾಲದು, ಆದರೂ ಒಂದಕ್ಕಿಂತ ವಾಸಿ. ತಲೆಬರಹದಲ್ಲಿ ಮಾತ್ರ ರಾಜಿ ಆಗಬೇಡಿ. ಆ ಪದ ನೋಡಿ ಜಾಹೀರಾತು ಅಂದುಕೊಂಡು ಜನ ಮೇಲ್ ತೆರೆಯುವುದೇ ಇಲ್ಲ, ಕ್ಯಾಮೆರಾ ನಿಂತ ದಿನ ಫೋನ್ ಮಾಡುತ್ತಾರೆ. ಬಾಸ್‌ಗೆ ಇಷ್ಟನ್ನೇ ಹೇಳಿ. ಮೇಲ್ ಹೋಗುವ ಹಿಂದಿನ ದಿನವೇ ಕಸ್ಟಮರ್ ಕೇರ್‌ನವರಿಗೆ ಉತ್ತರಗಳನ್ನು ಬರೆದುಕೊಡಿ. ಬೈಗುಳ ಕೇಳುವವರು ಅವರೇ.