ಹೀಟರ್ ರಾಡಿಗೆ ಐಎಸ್‌ಐ ಗುರುತು ಅದ, ನಂಬರ್ ಇಲ್ಲ. ಬಳಸಬಹುದಾ?

ಬೀದರ್_ಮನಿ:
ಚಳಿಗಾಲಕ್ಕಂತ ಇಲ್ಲೇ ಬೀದರ್ ಬಜಾರದಾಗ 1500 ವ್ಯಾಟಿನ ಹೀಟರ್ ರಾಡ್ ತಗೊಂಡೀವ್ರಿ. ಡಬ್ಬಿ ಮ್ಯಾಲ ಐಎಸ್‌ಐ ಗುರುತು ಅದ, ನಂಬರ್ ಎಲ್ಲೂ ಇಲ್ಲ. ಎರಡು ಪಿನ್ನಿನ ಸಣ್ಣ ಪ್ಲಗ್ ಕೊಟ್ಟಾರ. ದೂರು ಕೊಡೋದಾದ್ರ ಎಲ್ಲಿ ಕೊಡಬೇಕು?

ಮೀಟರ್_ಬೋರ್ಡ್:
ನೀರಿಗೆ ಇಳಿಸಬ್ಯಾಡ್ರಿ. ಪ್ಲಗ್ ಬದಲಿ ಮಾಡಿಸ್ಕೊಂಡೂ ಬ್ಯಾಡ.

ಅಸಲಿ ಗುರುತಿನ ಮ್ಯಾಲ ಐಎಸ್ 368 ಅಂತ (ಹೀಟರ್ ರಾಡಿನ ಮಾನದಂಡದ ನಂಬರ್), ಕೆಳಗ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಲೇಬೇಕು. ಐಎಸ್‌ಐ ಇಲ್ದ ಹೀಟರ್ ರಾಡ್ ಮಾರೋದೇ ಕಾನೂನಿಗೆ ವಿರುದ್ಧ.

1500 ವ್ಯಾಟ್ ಅಂದ್ರ 230 ವೋಲ್ಟಿಗೆ ಸುಮಾರು ಆರೂವರೆ ಆಂಪಿಯರ್. 6 ಆಂಪಿಯರಿನ ಪ್ಲಗ್ ದಿನಾ ಕಾದು ಕಾದು ಮೆತ್ತಗಾಗ್ತದ; 16 ಆಂಪಿಯರಿನ ಮೂರು ಪಿನ್ ಬೇಕು. ಇದಕ್ಕಿಂತ ದೊಡ್ಡ ಕೊರತೆ ಅರ್ಥಿಂಗ್ ಇಲ್ದಿರೋದು. ರಾಡಿನ ಕೊಳವಿಯೊಳಗ ಸುರುಳಿ ತಂತಿ, ಸುತ್ತ ಗಟ್ಟಿಯಾಗಿ ತುಂಬಿದ ಬಿಳಿ ಪುಡಿ ಇರ್ತದ. ಬೋರಿನ ಗಡಸು ನೀರಿಗೆ ಹೊರಗ ಸುಣ್ಣದ ಪದರ ಕಟ್ತದ, ಶಾಖ ನೀರಿಗೆ ಹೋಗಲಾರದ ಒಳಗೇ ಉಳೀತದ, ತೆಳು ಕೊಳವಿ ಬಿರಿತದ. ಪುಡಿ ತೇವ ಹಿಡೀತಂದ್ರ ಕರೆಂಟ್ ಕೊಳವಿಗೆ, ಅಲ್ಲಿಂದ ಬಕೀಟಿನ ನೀರಿಗೆ. ಅರ್ಥಿಂಗ್ ಇದ್ರ ಅದು ನೆಲಕ್ಕ ಹೋಗ್ತದ. ಇಲ್ಲಾಂದ್ರ ನೀರು ಕಾದದ ಏನಂತ ಕೈ ಹಾಕಿದವರ ಮೈಯೊಳಗ ಹಾಯ್ತದ. ಮನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದ್ರ ಕರೆಂಟ್ ಸೋರಿದ ಕೂಡ್ಲೇ ತಾನೇ ಬಂದ್ ಆಗೋ ಸ್ವಿಚ್, ಹಾಕಿಸ್ರಿ. ರಾಡ್ ಎಷ್ಟೇ ಛಲೋ ಇರಲಿ, ಸ್ವಿಚ್ ಬಂದ್ ಮಾಡಿ, ಪ್ಲಗ್ ಕಿತ್ತಮ್ಯಾಲನೇ ನೀರು ಮುಟ್ಟಬೇಕು.

ಕಲಬುರಗಿ_ಬಳಕೆದಾರ:
ನಂಬರ್ ಇದ್ದಷ್ಟಕ್ಕೇ ನಂಬಂಗಿಲ್ರಿ. ಐಎಸ್‌ಐ ಗುರುತಿನ ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆ ಬಿಐಎಸ್; ಅದರ ಬಿಐಎಸ್ ಕೇರ್ ಆ್ಯಪಿನಾಗ ಲೈಸೆನ್ಸ್ ಪರಿಶೀಲನೆ ಅದ, ಅಲ್ಲಿ ಸಿಎಂ/ಎಲ್ ನಂಬರ್ ಹಾಕ್ರಿ. ತಯಾರಕರ ಹೆಸರು, ಬ್ರ್ಯಾಂಡ್, ಸಾಮಾನು ಯಾವುದು, ಲೈಸೆನ್ಸ್ ಚಾಲ್ತಿಯಾಗ ಅದನೋ ಇಲ್ಲೋ, ನಾಲ್ಕೂ ಡಬ್ಬಿ ಜೊತಿ ಕೂಡಬೇಕು. ನಂಬರ್ ಅಸಲಿ ಇದ್ದು, ಅದು ವೈರ್ ಮಾಡೋರಿಗೆ ಕೊಟ್ಟದ್ದಾಗಿದ್ರ ನಿಮ್ಮ ರಾಡಿಗೆ ಅದು ಲೆಕ್ಕಕ್ಕಿಲ್ಲ. ನಕಲಿ ಗುರುತಿನ ದೂರೂ ಅದೇ ಆ್ಯಪಿನಾಗ ಕೊಡಬಹುದು.

ಬೀದರ್_ಮನಿ:
ಬಿಲ್ ಕೊಟ್ಟಿಲ್ರಿ. ಫೋನಿನಿಂದ ರೊಕ್ಕ ಹಾಕೀವಿ.

ಕಲಬುರಗಿ_ಬಳಕೆದಾರ:
ಆ ಯುಪಿಐ ವ್ಯವಹಾರದ ನಂಬರ್, ತಾರೀಖು ತೆಗೆದಿಡ್ರಿ, ಪುರಾವೆ ಆಗ್ತದ. ಆದ್ರೂ ಅಂಗಡಿಗೆ ಹೋಗಿ ಬಿಲ್ ಕೇಳ್ರಿ, ಅದರಾಗ ಮಾಡೆಲ್ ಹೆಸರು ಬರೆಸ್ರಿ. ಬಿಐಎಸ್ ನಕಲಿ ಗುರುತಿನ ಬೆನ್ನು ಹತ್ತತದ. ನಿಮ್ಮ ರೊಕ್ಕಕ್ಕ ದಾರಿ ಬ್ಯಾರೆ. ಮೊದಲು ಅಂಗಡಿ, ಆಮ್ಯಾಲ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರೀಲಿಲ್ಲಂದ್ರ ನಿಮ್ಮ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ ಎರಡು ವರ್ಷದೊಳಗ ದೂರು ಹಾಕಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರ ಶುಲ್ಕ ಇಲ್ಲ.

ರಾಡ್ ಬಿಚ್ಚಬ್ಯಾಡ್ರಿ, ಆಯೋಗ ಅದನ್ನ ಲ್ಯಾಬಿಗೆ ಕಳಿಸಬಹುದು. ಅಂಗಡಿಯವ್ರು ರೊಕ್ಕ ಕೊಟ್ಟು ರಾಡ್ ವಾಪಸ್ ಕೇಳಿದ್ರ, ಕೊಡೋಕಿಂತ ಮೊದಲು ಗುರುತು, ಪ್ಲಗ್, ಡಬ್ಬಿಯ ನಾಲ್ಕೂ ಮಗ್ಗಲದ ಫೋಟೊ ಹತ್ತಿರದಿಂದ ತೆಗೀರಿ. ರೊಕ್ಕ ಬಂದ ಮ್ಯಾಲೂ ಬಿಐಎಸ್ ದೂರು ಬಿಡಬ್ಯಾಡ್ರಿ, ಅದೇ ರಾಡ್ ಮತ್ತ ಕಪಾಟು ಸೇರ್ತದ.