ದರಿಯಾ ದೌಲತ್: ಅರ್ಧ ದಿನ ಸಾಕಾ, ಚಿತ್ರ ಕಾಣುತ್ತಾ?

ಪ್ರಶ್ನೆ (ರೈಲುಪ್ರಿಯ):
ಭಾನುವಾರ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ, ಜೊತೆಗೆ ವಯಸ್ಸಾದ ಅಮ್ಮ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಬಾಗ್ ಮತ್ತು ಅವನ ಸಮಾಧಿ ಗುಂಬಜ್ ಅರ್ಧ ದಿನದಲ್ಲಿ ಮುಗಿಯುತ್ತದಾ? ಒಳಗೆಲ್ಲ ಕತ್ತಲು, ಗೋಡೆಚಿತ್ರ ಕಾಣೋದೇ ಇಲ್ಲ ಅಂತಾರೆ, ನಿಜವಾ?

ಕಾವೇರಿದಡ:
ಧಾರಾಳ ಮುಗಿಯುತ್ತದೆ ಸರ್. ಬಸ್ಸಾದರೆ ಹತ್ತುವ ಮುಂಚೆ ಕಂಡಕ್ಟರನ್ನು ‘ಪಟ್ಟಣದೊಳಗೆ ಹೋಗುತ್ತಾ?’ ಅಂತ ಕೇಳಿ. ನಾನ್‌ಸ್ಟಾಪ್ ಗಾಡಿ ಬೈಪಾಸ್ ಹಿಡಿದರೆ ಸೀದಾ ಮೈಸೂರೇ. ರೈಲು ನಿಲ್ದಾಣ ಕೋಟೆಯೊಳಗಿದೆ, ಅರಮನೆ ಕೋಟೆಯ ಹೊರಗೆ ಪೂರ್ವಕ್ಕೆ. ಅಮ್ಮನಿಗೆ ನಡಿಗೆ ಬೇಡ, ಎರಡೂ ಜಾಗಕ್ಕೆ ಸೇರಿಸಿ ಆಟೋ ಮಾತಾಡಿ, ಕಾಯುವ ಹೊತ್ತನ್ನೂ ಮೊದಲೇ ಹೇಳಿಬಿಡಿ. ಗೇಟಿನಿಂದ ಅರಮನೆವರೆಗೆ ತೋಟದ ನೇರ ದಾರಿ, ನೆರಳು ಕಡಿಮೆ. ಛತ್ರಿ ಇರಲಿ. ಟಿಕೆಟ್ ಭಾರತೀಯರಿಗೆ 25 ರೂಪಾಯಿ.

ಹಳೇಗೋಡೆ:
ಕತ್ತಲು ನಿಜ. 1784ರ ತೇಗದ ಕಟ್ಟಡ. ಬಿಸಿಲಿಗೆ ಬಣ್ಣ ಹೋಗದಿರಲೆಂದು ಸುತ್ತ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಹೊರಗಿನಿಂದ ಬಂದವರು ತಕ್ಷಣ ನೋಡಿ ‘ಏನೂ ಇಲ್ಲ’ ಅಂದು ಒಳಗೆ ನುಗ್ಗುತ್ತಾರೆ. ಐದು ನಿಮಿಷ ಜಗಲಿಯಲ್ಲಿ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಒಳಗಿನ ನಾಣ್ಯ, ಪೆನ್ಸಿಲ್ ಚಿತ್ರಗಳನ್ನು ಆಮೇಲೆ ನೋಡಿದರಾಯಿತು.

ಪಶ್ಚಿಮ ಗೋಡೆಯಲ್ಲಿ ಹೈದರ್, ಟಿಪ್ಪು ಸೇನೆ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನ. ಕೆಂಪು ಕೋಟಿನ ಸಿಪಾಯಿಗಳ ಚೌಕ ಹುಡುಕಿ, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕೂತವನೇ ಬ್ರಿಟಿಷ್ ಪಡೆಯ ಕರ್ನಲ್ ಬೈಲಿ. ಹತ್ತಿರದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ಅತ್ತ ಟಿಪ್ಪು ಹೂವು ಮೂಸುತ್ತಿದ್ದಾನೆ! ದುರ್ಬೀನು ಹಿಡಿದವನು ಮೈಸೂರು ಕಡೆಯ ಫ್ರೆಂಚ್ ಅಧಿಕಾರಿ ಲಾಲಿ. ಮೇಲಿನ ಸಾಲುಗಳಿಗೆ ಚಿಕ್ಕ ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಒಂದು ಎಚ್ಚರ: ಇದೆಲ್ಲ ಟಿಪ್ಪು ಕಾಲದ್ದೇ ಗೆರೆ ಅಂದುಕೊಳ್ಳಬೇಡಿ, ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬರೆಸಿದ್ದು.

ಕಾವೇರಿದಡ:
ಬೈಲಿಯನ್ನು ಪಲ್ಲಕ್ಕಿಯಲ್ಲಿ ನೋಡಿದ ಮೇಲೆ ಗುಂಬಜ್ ಹತ್ತಿರದ ಅವನ ಸ್ಮಾರಕ ಬಿಡಬೇಡಿ. ಆ ಕದನದಲ್ಲಿ ಸಿಕ್ಕಿಬಿದ್ದು ಸೆರೆಯಲ್ಲೇ 1782ರಲ್ಲಿ ಸತ್ತ. ಸುಮಾರು ಜನ ಗುಂಬಜ್ ನೋಡಿ ಹಾಗೇ ಹಿಂದಿರುಗುತ್ತಾರೆ.

ರೈಲುಪ್ರಿಯ:
ಬೆಳಗ್ಗೆಯೇ ಒಳ್ಳೆಯದಾ, ಸಂಜೆಯಾ?

ಹಳೇಗೋಡೆ:
ಬೆಳಗ್ಗೆಯೇ. ಮಧ್ಯಾಹ್ನದ ಮೇಲೆ ಪಶ್ಚಿಮದ ಪರದೆಗೆ ಬಿಸಿಲು ನೇರ ಹೊಡೆದು ಅಂಚುಗಳಿಂದ ಕಣ್ಣು ಕೋರೈಸುತ್ತದೆ. ಫ್ಲ್ಯಾಶ್ ಮಾತ್ರ ಹಾಕಬೇಡಿ.